1883, ಗ್ಲ್ಯಾಸ್ಗೋ: ನೀರಿಗಿಳಿದ ಹಡಗು ಅಲ್ಲೇ ಮಗುಚಿತು. ಒಳಗೆ 200 ಜನ ಯಾಕಿದ್ದರು?

ಕ್ಲೈಡ್ ದಂಡೆ
ಎಲ್ಲರಿಗೂ ನಮಸ್ಕಾರ. ನಾನು ಗ್ಲ್ಯಾಸ್ಗೋಗೆ ಬಂದು ಆರು ವರ್ಷ ಆಯ್ತು. ಮನೆ ಗೋವನ್ ಕಡೆ. ಹತ್ತಿರದಲ್ಲೇ ಎಲ್ಡರ್ ಪಾರ್ಕ್ ಇದೆ, ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗುತ್ತೇನೆ. ಅಲ್ಲೊಂದು ಸ್ಮಾರಕ ಇದೆ. ಯಾವುದೋ ಯುದ್ಧದ್ದಿರಬೇಕು ಅಂದುಕೊಂಡು ಇಷ್ಟು ದಿನ ಸುಮ್ನೆ ದಾಟಿ ಹೋಗುತ್ತಿದ್ದೆ. ಹೋದ ವಾರ ನಿಂತು ಓದಿದೆ. ಡಾಫ್ನೆ ಅನ್ನುವ ಹಡಗಿನಲ್ಲಿ ಸತ್ತವರ ನೆನಪಿಗೆ ಇಟ್ಟದ್ದು.

1883ರ ಜುಲೈ 3. ಇಲ್ಲೇ ಲಿಂಟ್‌ಹೌಸ್‌ನಲ್ಲಿ ಅಲೆಕ್ಸಾಂಡರ್ ಸ್ಟೀಫನ್ ಅಂಡ್ ಸನ್ಸ್ ಕಂಪನಿಯ ಹಡಗು ಕಟ್ಟುವ ಯಾರ್ಡ್ ಇತ್ತು. 449 ಟನ್ನಿನ ಉಗಿಹಡಗು, ಆ ಕಾಲದ ಲೆಕ್ಕಕ್ಕೆ ಸಣ್ಣದೇ. ಜಾರಿಸಿ ಕ್ಲೈಡ್ ನದಿಗೆ ಇಳಿಸಿದರು. ನೀರಿಗೆ ಬಿದ್ದ ಕೂಡಲೇ ಎಡಕ್ಕೆ ವಾಲಿ ಮಗುಚಿತು. ಒಳಗೆ ಸುಮಾರು 200 ಕೆಲಸಗಾರರಿದ್ದರು. 124 ಜನ ಸತ್ತರು. ಅವರಲ್ಲಿ ಕೆಲಸ ಕಲಿಯಲು ಬಂದ ಹುಡುಗರೂ ಇದ್ದರು.

ನನಗೆ ಅರ್ಥ ಆಗದೇ ಇರೋದು ಇಷ್ಟೇ. ಮೊದಲ ಸಲ ನೀರಿಗೆ ಇಳಿಯುವ ಹಡಗಿನೊಳಗೆ 200 ಜನರನ್ನು ಯಾಕೆ ಇಟ್ಟರು? ಮೊದಲು ಇಳಿಸಿ, ತೇಲುತ್ತೋ ಇಲ್ಲವೋ ನೋಡಿ, ಆಮೇಲೆ ಹತ್ತಿಸಬಹುದಿತ್ತಲ್ಲ? ಹಡಗಿನ ವಿಷಯ ಗೊತ್ತಿರುವವರು ದಯವಿಟ್ಟು ಹೇಳಿ.

ಕಲ್ಲಡ್ಕ ಟೀ
124 ಜನ! ದಡದ ಪಕ್ಕದಲ್ಲೇ! ಓದಿ ಮನಸ್ಸಿಗೆ ಕಷ್ಟ ಆಯ್ತು.

ಬಯಲುಸೀಮೆ
ನಾನು ಚಿತ್ರದುರ್ಗದವನು, ಸಮುದ್ರ ನೋಡಿದ್ದೇ ಇಪ್ಪತ್ತು ದಾಟಿದ ಮೇಲೆ. ಮೊದಲು ಇದನ್ನು ಹೇಳಿ: ಸಾವಿರಾರು ಟನ್ನಿನ ಹಡಗನ್ನು ನೆಲದಿಂದ ನೀರಿಗೆ ಹೇಗೆ ತಳ್ಳುತ್ತಾರೆ? ಆಗ ಅಂಥ ಕ್ರೇನ್ ಇರಲಿಲ್ಲ ತಾನೇ?

ಯಾರ್ಡ್ ಇಂಜಿನಿಯರ್
ತಳ್ಳೋದೇ ಇಲ್ಲ ಸರ್. ಹಿಡಿದಿಟ್ಟುಕೊಂಡಿರುತ್ತಾರೆ, ಆಮೇಲೆ ಬಿಡುತ್ತಾರೆ. ಇಪ್ಪತ್ತೆರಡು ವರ್ಷ ಇದೇ ಕೆಲಸ ಮಾಡಿದವನು ನಾನು. ಸ್ವಲ್ಪ ಉದ್ದ ಆಗುತ್ತೆ, ಓದಿ.

ಹಡಗು ಕಟ್ಟುವ ಜಾಗವೇ ನೀರಿನ ಕಡೆಗೆ ಇಳಿಜಾರಾಗಿರುತ್ತದೆ. ಅಂದಾಜು ಇಪ್ಪತ್ತು ಅಡಿಗೆ ಒಂದು ಅಡಿ ಇಳಿಜಾರು ಅಂತಿಟ್ಟುಕೊಳ್ಳಿ. ಕಟ್ಟುವಾಗ ಹಡಗಿನ ಭಾರ ಪೂರ್ತಿ ಕೀಲ್ (ಹಡಗಿನ ತಳದ ಬೆನ್ನೆಲುಬು) ಕೆಳಗಿನ ಮರದ ದಿಮ್ಮಿಗಳ ಮೇಲೆ. ಪಕ್ಕಕ್ಕೆ ವಾಲದ ಹಾಗೆ ಎರಡೂ ಕಡೆ ಊರೆಗಂಬ. ಇಳಿಸುವ ಮುಂಚೆ ಹಡಗಿನ ಹೊಟ್ಟೆಯ ಕೆಳಗೆ, ಉದ್ದಕ್ಕೂ, ಎರಡು ಸಾಲು ಮರದ ಹಳಿ ಹಾಕುತ್ತಾರೆ. ಒಂದೊಂದು ಸಾಲಿನಲ್ಲೂ ಎರಡು ಪದರ. ಕೆಳಗಿನದು ನೆಲಕ್ಕೆ ಕಚ್ಚಿಕೊಂಡಿರುತ್ತದೆ, ಮೇಲಿನದು ಜಾರುತ್ತದೆ. ನಡುವೆ ದನದ ಕೊಬ್ಬು, ಅದರ ಮೇಲೆ ಮೆದು ಸೋಪು. ಮೇಲಿನ ಹಳಿಯ ಮೇಲೆ ತೊಟ್ಟಿಲಿನ ಹಾಗೆ ಮರ ಕಟ್ಟಿ, ಹಡಗು ಅದರಲ್ಲಿ ಕೂರುವಂತೆ ಮಾಡುತ್ತಾರೆ.

ಇಳಿಸುವ ದಿನ ಬೆಳಿಗ್ಗೆ ನೂರಾರು ಜನ ಹಡಗಿನ ಕೆಳಗೆ ಸಾಲಾಗಿ ನಿಂತು ಒಂದೇ ತಾಳಕ್ಕೆ ಬೆಣೆ ಹೊಡೆಯುತ್ತಾರೆ. ಬೆಣೆ ಒಳಗೆ ಹೋದಷ್ಟೂ ಭಾರ ದಿಮ್ಮಿಯಿಂದ ತೊಟ್ಟಿಲಿಗೆ ಬರುತ್ತದೆ. ಆಮೇಲೆ ದಿಮ್ಮಿ ತೆಗೆಯುತ್ತಾರೆ, ಊರೆ ತೆಗೆಯುತ್ತಾರೆ. ಕೊನೆಗೆ ಹಡಗನ್ನು ತಡೆದು ನಿಲ್ಲಿಸಿರೋದು ಒಂದೆರಡು ಓರೆ ಮರ ಮಾತ್ರ. ಅದನ್ನು ಬೀಳಿಸಿದರೆ ಹಡಗು ತಾನೇ ಹೊರಡುತ್ತದೆ. ಬಾಲ ಮೊದಲು, ಮೂತಿ ಆಮೇಲೆ. ಒಂದು ನಿಮಿಷ ಕೂಡ ಹಿಡಿಯೋದಿಲ್ಲ ಕೆಲವು ಸಲ.

ನಾನು ಕೆಳಗೆ ನಿಂತು ಕೇಳಿದ್ದೇನೆ. ಭಾರ ತೊಟ್ಟಿಲಿಗೆ ಬರುವಾಗ ಮರ ನರಳುತ್ತದೆ. ಹಳೇ ಮನೆ ಬಾಗಿಲು ನಿಧಾನವಾಗಿ ತೆಗೆದರೆ ಬರುವ ಸದ್ದು, ಅದು ಮುನ್ನೂರು ಅಡಿ ಉದ್ದಕ್ಕೂ. ಆ ಸದ್ದು ಕೇಳಿದ ಮೇಲೆ ಯಾರೂ ಮಾತಾಡೋದಿಲ್ಲ.

ಹೊನ್ನಾವರದವ
ಹೌದು ಹೌದು. ನಮ್ಮ ಕಡೆ ಮಂಜಿ (ಮರದ ಹಾಯಿಹಡಗು) ಇಳಿಸೋದೂ ಇದೇ ಲೆಕ್ಕ, ಹಳಿ ಬದಲು ಉರುಳು ಮರ. ನಾನು ಹುಡುಗನಾಗಿದ್ದಾಗ ಕಾಸರಕೋಡಿನಲ್ಲಿ ನೋಡಿದ್ದೇನೆ. ಮರಕ್ಕೆ ಮೀನೆಣ್ಣೆ ಸವರಿ, ಎರಡೂ ಕಡೆ ಹಗ್ಗ ಹಿಡಿದು, ಊರಿನವರೆಲ್ಲ "ಐಸಾ" ಅಂತ ಕೂಗಿ ಎಳೆಯುತ್ತಿದ್ದರು. ಹಿಂದಿನಿಂದ ಬಿಟ್ಟ ಮರ ತಂದು ಮುಂದಕ್ಕೆ ಹಾಕೋ ಕೆಲಸ ಹುಡುಗರದ್ದು, ಆ ಕೆಲಸ ನಾನೂ ಮಾಡಿದ್ದೇನೆ. ಅಂದು ಮಂಜಿ ಒಳಗೆ ಒಬ್ಬರೋ ಇಬ್ಬರೋ ಇರುತ್ತಿದ್ದರು ಅಷ್ಟೇ, ಹಗ್ಗ ನೋಡಿಕೊಳ್ಳಲಿಕ್ಕೆ. ಮಾಲು, ಕಲ್ಲು, ಜನ ಎಲ್ಲ ತೇಲಿದ ಮೇಲೆ. ಹಾಗಾಗಿ ಮೊದಲ ಪ್ರಶ್ನೆ ಸರಿಯಾಗಿಯೇ ಇದೆ. 200 ಜನ ಯಾಕೆ?

ಮೈಸೂರು ಪಾಕ
ಬಹುಶಃ ಮೋಜಿಗೆ ಹತ್ತಿರಬೇಕು. ಹೊಸ ಹಡಗು, ಜಾರಿ ಹೋಗುವಾಗ ಮಜಾ ಇರುತ್ತೆ ಅಂತ. ಅಜಾಗ್ರತೆ ಅಷ್ಟೇ.

ಕಾಪು ಕಡಲು
ಅಲ್ಲ ಸರ್, ಹಾಗೆ ಹೇಳಬೇಡಿ. ಅವರು ಬಡಗಿಗಳು, ಕೊಳಾಯಿ ಕೆಲಸದವರು, ಬಣ್ಣದವರು, ರಿವೆಟ್ ಹೊಡೆಯುವವರು. ಕೆಲಸಕ್ಕೇ ಹತ್ತಿದ್ದು. ಸತ್ತವರನ್ನು ಅಜಾಗ್ರತೆ ಅಂತ ಬೈಯೋದು ತುಂಬಾ ಸುಲಭ.

ಮೈಸೂರು ಪಾಕ
ತಪ್ಪಾಯ್ತು ಮೇಡಂ, ಗೊತ್ತಿರಲಿಲ್ಲ.

ಹಳೇ ಪೇಪರ್
ಮೇಡಂ ಹೇಳಿದ್ದು ಸರಿ. ಆಗ ಕ್ಲೈಡ್ ಯಾರ್ಡ್‌ಗಳಲ್ಲಿ ಇದು ರೂಢಿ. ಹಡಗು ಇಳಿಸಿದರೆ ಕೆಲಸ ಮುಗಿಯಲಿಲ್ಲ, ಒಳಗಿನ ಮರಗೆಲಸ, ಕೊಳವೆ, ಕ್ಯಾಬಿನ್ ಎಲ್ಲ ಬಾಕಿ ಇರುತ್ತಿತ್ತು. ಇಳಿಸುವುದಕ್ಕೆ ಅಂತ ಕೆಲಸ ನಿಲ್ಲಿಸಿ, ಜನರನ್ನು ಇಳಿಸಿ, ಮತ್ತೆ ಹತ್ತಿಸಿದರೆ ಅರ್ಧ ದಿನ ಹೋಯ್ತು. ಅದಕ್ಕೆ ಹಡಗು ಜಾರುವಾಗಲೂ ಒಳಗೆ ಸುತ್ತಿಗೆ ನಡೆಯುತ್ತಲೇ ಇರುತ್ತಿತ್ತು. ಗ್ಲ್ಯಾಸ್ಗೋ ಫೇರ್ ಅಂತ ಜುಲೈ ಮಧ್ಯದಲ್ಲಿ ದೊಡ್ಡ ರಜೆ, ಊರಿಗೆ ಊರೇ ಬಾಗಿಲು ಹಾಕುತ್ತಿತ್ತು. ಜುಲೈ 3 ಅಂದರೆ ರಜೆ ಹತ್ತಿರ ಬಂದಿತ್ತು. ರಜೆಯೊಳಗೆ ಮುಗಿಸುವ ಆತುರ ಯಜಮಾನನಿಗೂ ಇರುತ್ತದೆ, ರಜೆಗೆ ಮುಂಚೆ ನಾಲ್ಕು ಕಾಸು ಜಾಸ್ತಿ ಸಿಗಲಿ ಅನ್ನೋದು ಕೆಲಸದವನಿಗೂ ಇರುತ್ತದೆ.

ಕ್ಲೈಡ್ ದಂಡೆ
ಅಂದರೆ ಅರ್ಧ ದಿನ ಉಳಿಸೋಕೆ.

ಹಳೇ ಪೇಪರ್
ಹೌದು.

ಬಯಲುಸೀಮೆ
ಸರಿ, ಜನ ಇದ್ದರು. ಆದರೂ ಹಡಗು ಯಾಕೆ ಮಗುಚಬೇಕು? ಎಷ್ಟೋ ಹಡಗು ಹಾಗೇ ಇಳಿಸುತ್ತಿದ್ದರಲ್ಲ, ಅವೆಲ್ಲ ತೇಲಿದವಲ್ಲ?

ಯಾರ್ಡ್ ಇಂಜಿನಿಯರ್
ಒಳ್ಳೇ ಪ್ರಶ್ನೆ. ಹರಿಗೋಲಿನಲ್ಲಿ ಕೂತು ಹೋಗಿದ್ದೀರಾ? ಎಲ್ಲರೂ ತಳದಲ್ಲಿ ಕೂತರೆ ಏನೂ ಆಗಲ್ಲ. ನಾಲ್ಕು ಜನ ಎದ್ದು ನಿಂತರೆ ಅಂಬಿಗ ಬೈತಾನೆ. ಭಾರ ಅಷ್ಟೇ, ಆದರೆ ಮೇಲಕ್ಕೆ ಹೋಯ್ತು. ಖಾಲಿ ಹಡಗೂ ಹಾಗೇ. ಇನ್ನೂ ಪೂರ್ತಿಯಾಗದ ಹಡಗು ನೀರಿನಲ್ಲಿ ಕಡಿಮೆ ಮುಳುಗಿರುತ್ತದೆ, ತಳದಲ್ಲಿ ಬೇಕಾದ ಭಾರ ಇರೋದಿಲ್ಲ. ಮೇಲೆ ಡೆಕ್ಕಿನಲ್ಲಿ ಜನ, ಮರ, ಸಾಮಾನು, ಅದೂ ಕಟ್ಟದೇ ಬಿಟ್ಟದ್ದು.

ಕ್ಲೈಡ್ ಆ ಜಾಗದಲ್ಲಿ ಅಗಲ ಕಡಿಮೆ. ಹಡಗು ಜಾರಿ ಎದುರು ದಡಕ್ಕೆ ಹೊಡೆಯಬಾರದು ಅಂತ ಸರಪಳಿಗೆ ಲಂಗರು ಕಟ್ಟಿ ನೆಲದಲ್ಲಿ ಎಳೆಯಲು ಬಿಟ್ಟಿರುತ್ತಾರೆ, ಅದೇ ಬ್ರೇಕು. ಡಾಫ್ನೆಗೆ ಎರಡು ಕಡೆ ಎರಡು. ಬಲಗಡೆ ಲಂಗರು ಆರೇಳು ಗಜ ಮಾತ್ರ ಸರಿಯಿತು, ಎಡಗಡೆಯದು ಸುಮಾರು 60 ಗಜ ಎಳೆದುಕೊಂಡು ಹೋಯ್ತು. ಎತ್ತಿನ ಗಾಡಿಯ ಒಂದು ಚಕ್ರ ಹುದುಗಿ ಇನ್ನೊಂದು ಓಡಿದ ಹಾಗೆ. ಅಷ್ಟರಲ್ಲಿ ನದಿಯ ಸೆಳೆತವೂ ಸಿಕ್ಕಿತು. ಹಡಗು ಎಡಕ್ಕೆ ವಾಲಿತು. ಒಮ್ಮೆ ವಾಲಿದ ಮೇಲೆ ಒಳಗಿನ ಸಾಮಾನು, ಜನ ಎಲ್ಲ ಅದೇ ಕಡೆಗೆ ಜಾರಿದರು. ಮತ್ತೆ ಏಳಲಿಲ್ಲ.

ಗೂಗ್ಲಿ
ಹಾಗಾದರೆ ತಪ್ಪು ಸರಪಳಿಯದ್ದೇ ಅಲ್ವಾ? ಸರಪಳಿ ಹಾಕಿದವನನ್ನು ಹಿಡಿಯಬೇಕಿತ್ತು.

ಯಾರ್ಡ್ ಇಂಜಿನಿಯರ್
ಒಪ್ಪಲ್ಲ. ಸರಪಳಿ ಎಳೆದದ್ದು ನೆಪ ಅಷ್ಟೇ. ಸರಿಯಾದ ಹಡಗು ಅಷ್ಟು ವಾಲಿದರೂ ತಾನೇ ನೆಟ್ಟಗಾಗುತ್ತದೆ. ಡಾಫ್ನೆಗೆ ಆ ಶಕ್ತಿಯೇ ಇರಲಿಲ್ಲ. ಸರ್ಕಾರ ಸರ್ ಎಡ್ವರ್ಡ್ ರೀಡ್ ಅವರನ್ನು ವಿಚಾರಣೆಗೆ ಕಳಿಸಿತು. ಅವರು ಬ್ರಿಟಿಷ್ ನೌಕಾಪಡೆಯ ಮುಖ್ಯ ಹಡಗು ವಿನ್ಯಾಸಕಾರರಾಗಿದ್ದವರು. ಅವರು ಹೇಳಿದ್ದೂ ಅದನ್ನೇ: ಹಡಗಿಗೆ ಮೊದಲೇ ಸ್ಥಿರತೆ ತೀರಾ ಕಡಿಮೆ, ಅದರ ಮೇಲೆ ಇಷ್ಟು ಜನ, ಇಷ್ಟು ಬಿಡಿ ಸಾಮಾನು.

ಇನ್ನೊಂದು ಮಾತು. ಅಲ್ಲಿಯವರೆಗೆ ಬಹಳ ಜನ ನಂಬಿದ್ದು ಏನು ಗೊತ್ತಾ? ಖಾಲಿ ಹಡಗು ನೀರಿನಿಂದ ಎತ್ತರಕ್ಕೆ ನಿಂತಿರುತ್ತದೆ, ಪಕ್ಕದ ಗೋಡೆ ಎತ್ತರ ಇದೆ, ಎಷ್ಟು ವಾಲಿದರೂ ಭಯ ಇಲ್ಲ ಅಂತ. ತುಂಬಿದ ಹಡಗಿಗೆ ಹಾಕುವ ಲೆಕ್ಕವನ್ನು ಖಾಲಿ ಹಡಗಿಗೂ ಅಂದಾಜಿನಲ್ಲಿ ಹೊಂದಿಸುತ್ತಿದ್ದರು. ರೀಡ್ ಅದು ತಪ್ಪು ಅಂತ ಲೆಕ್ಕ ಹಾಕಿ ತೋರಿಸಿದರು. ಈಗ ನಾವು ಹಡಗು ಇಳಿಸುವ ಮುಂಚೆ, ಆ ಹೊತ್ತಿನಲ್ಲಿ ಅದರ ಮೇಲೆ ಏನೇನು ಎಲ್ಲೆಲ್ಲಿ ಇದೆ ಅಂತ ಪಟ್ಟಿ ಮಾಡಿ, ಬೇರೆಯೇ ಲೆಕ್ಕ ಹಾಕುತ್ತೇವೆ.

ಕಾಪು ಕಡಲು
ಶಿಕ್ಷೆ ಯಾರಿಗಾಯ್ತು?

ಹಳೇ ಪೇಪರ್
ಯಾರಿಗೂ ಇಲ್ಲ. ಕಂಪನಿಯ ಮೇಲೆ ತಪ್ಪು ಹೊರಿಸಲಿಲ್ಲ. ಆಮೇಲೆ ಬಂದ ಬದಲಾವಣೆ ಅಂದರೆ, ಇಳಿಸುವಾಗ ಹಡಗು ಕಟ್ಟಿ ನಿಲ್ಲಿಸಲು ಬೇಕಾದಷ್ಟು ಜನ ಮಾತ್ರ ಒಳಗಿರಬೇಕು ಅನ್ನೋದು. ಡಾಫ್ನೆಯನ್ನು ಮೇಲೆತ್ತಿ, ರಿಪೇರಿ ಮಾಡಿ, ರೋಸ್ ಅಂತ ಹೆಸರು ಬದಲಿಸಿ ಕೆಲಸಕ್ಕೆ ಹಾಕಿದರು.

ಕಾಪು ಕಡಲು
124 ಜನ ಸತ್ತ ಹಡಗಿಗೆ ಹೂವಿನ ಹೆಸರು. ನನಗೆ ಕೋಪ ಬರುತ್ತಿದೆ.

ಪಂಚಾಂಗಪ್ರಿಯ
1883ರ ಜುಲೈ 3 ಮಂಗಳವಾರ. ಅಮಾವಾಸ್ಯೆಯ ಹಿಂದಿನ ದಿನ ಬೇರೆ. ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ ಮಂಗಳವಾರ ಶುಭಕಾರ್ಯ ಬೇಡ ಅಂತ. ಲಂಡನ್ನಿನಲ್ಲಿ ಅಲ್ಬಿಯನ್ ಅನ್ನುವ ಯುದ್ಧನೌಕೆ ಇಳಿಸುವಾಗಲೂ ಜನ ಸತ್ತರು, 1898ರ ಜೂನ್ 21. ಅದೂ ಮಂಗಳವಾರವೇ. ನೋಡಿ ಬೇಕಾದರೆ.

ಹೊನ್ನಾವರದವ
ಅಯ್ಯೋ ಮಾರಾಯ್ರೇ, ಅಮಾವಾಸ್ಯೆ ಬಂದದ್ದು ದೋಷದಿಂದ ಅಲ್ಲ, ಅವರೇ ಬೇಕು ಅಂತ ಆರಿಸಿದ್ದು! ಹುಣ್ಣಿಮೆ ಅಮಾವಾಸ್ಯೆಗೆ ಉಬ್ಬರ ಜಾಸ್ತಿ. ಕಡಲ ಕಡೆಯವರಿಗೆ ಇದು ಮಗುವಿಗೂ ಗೊತ್ತು. ನೀರು ಮೇಲೆ ಬಂದಷ್ಟೂ ಹಡಗಿಗೆ ಜಾರುವ ದೂರ ಕಡಿಮೆ, ಬಾಲ ಬೇಗ ತೇಲುತ್ತೆ. ನಾವೂ ಮಂಜಿ ಇಳಿಸುತ್ತಿದ್ದದ್ದು ಆ ನೀರು ನೋಡಿಕೊಂಡೇ.

ಯಾರ್ಡ್ ಇಂಜಿನಿಯರ್
ನೂರಕ್ಕೆ ನೂರು ಸರಿ. ಬಾಲ ತೇಲುವುದಕ್ಕೆ ಮುಂಚೆ ಹಳಿಯ ತುದಿ ದಾಟಿ ಹೊರಗೆ ಚಾಚಿಕೊಂಡರೆ ಹಡಗು ತೂಗುಹಲಗೆ ಥರ ಎತ್ತಿಕೊಳ್ಳುತ್ತದೆ. ನೀರು ಆಳ ಇದ್ದರೆ ಆ ಭಯ ಕಡಿಮೆ. ಅದಕ್ಕೆ ದಿನ ಗೊತ್ತು ಮಾಡೋದು ಉಬ್ಬರದ ಪಟ್ಟಿ ನೋಡಿ.

ಪಂಚಾಂಗಪ್ರಿಯ
ಸ್ವಲ್ಪ ತಾಳಿ, ಲೆಕ್ಕ ಹಾಕಿ ನೋಡಿದೆ. 1898ರ ಜನವರಿ 22ಕ್ಕೆ ನಮ್ಮ ದೇಶದಲ್ಲೇ ಕಂಡ ದೊಡ್ಡ ಸೂರ್ಯಗ್ರಹಣ ಇತ್ತು, ಅಂದರೆ ಅವತ್ತು ಅಮಾವಾಸ್ಯೆ. ಅಲ್ಲಿಂದ ಐದು ತಿಂಗಳು ಚಂದ್ರನ ಲೆಕ್ಕ ಕೂಡಿದರೆ ಜೂನ್ 19ರ ಹೊತ್ತಿಗೆ ಮತ್ತೆ ಅಮಾವಾಸ್ಯೆ. ಅಲ್ಬಿಯನ್ ಇಳಿಸಿದ್ದು 21ಕ್ಕೆ. ಡಾಫ್ನೆದೂ ಹಾಗೇ, 1883ರ ಮೇ 6ರ ಗ್ರಹಣದಿಂದ ಎರಡು ತಿಂಗಳು ಎಣಿಸಿದರೆ ಜುಲೈ 4. ಎರಡೂ ದೊಡ್ಡ ನೀರಿನ ದಿನಗಳೇ. ಹೊನ್ನಾವರದ ಅಣ್ಣ ಹೇಳಿದ್ದು ಒಪ್ಪಿದೆ. ಮಂಗಳವಾರದ ಮಾತು ವಾಪಸ್ ತಗೊಂಡೆ.

ಕಲ್ಲಡ್ಕ ಟೀ
ಗ್ರಹಣ ಹಿಡಿದು ಹಡಗಿನ ದಿನ ಕಂಡುಹಿಡಿದಿರಲ್ಲ, ಭೇಷ್!

ಗೂಗ್ಲಿ
ಅಲ್ಬಿಯನ್ ಕಥೆ ಏನು? ಅದೂ ಮಗುಚಿತಾ?

ಹಳೇ ಪೇಪರ್
ಇಲ್ಲ, ಹಡಗು ಚೆನ್ನಾಗಿಯೇ ಇಳಿಯಿತು. ಅದೇ ನೋವಿನ ವಿಷಯ. ಲಂಡನ್ನಿನ ಬ್ಲ್ಯಾಕ್‌ವಾಲ್‌ನಲ್ಲಿ ಥೇಮ್ಸ್ ಐರನ್‌ವರ್ಕ್ಸ್ ಅಂತ ದೊಡ್ಡ ಯಾರ್ಡ್. ಡಚೆಸ್ ಆಫ್ ಯಾರ್ಕ್ ಬಂದು ಹೆಸರಿಡುವ ಕಾರ್ಯಕ್ರಮ. ಊರಿಗೇ ಹಬ್ಬ, ಶಾಲೆ ಮಕ್ಕಳು, ತಾಯಂದಿರು, ಸಾವಿರಾರು ಜನ. ಪಕ್ಕದಲ್ಲೇ ಜಪಾನಿಗೆ ಅಂತ ಶಿಕಿಶಿಮಾ ಅನ್ನುವ ಇನ್ನೊಂದು ಯುದ್ಧನೌಕೆ ಕಟ್ಟುತ್ತಿದ್ದರು. ಅದರ ಪಕ್ಕ ಕೆಲಸಗಾರರ ಓಡಾಟಕ್ಕೆ ಹಾಕಿದ್ದ ಮರದ ಅಟ್ಟಣೆಯ ಸೇತುವೆ. ಅಪಾಯ ಅಂತ ಅಲ್ಲಿ ಬರೆದು ಹಾಕಿದ್ದರು. ಆದರೂ ಚೆನ್ನಾಗಿ ಕಾಣುತ್ತೆ ಅಂತ ಸುಮಾರು 200 ಜನ ಹತ್ತಿ ನಿಂತರು.

ಹೆಸರಿಡುವಾಗಿನ ವಾಡಿಕೆಯಂತೆ ಡಚೆಸ್ ಹಡಗಿನ ಮೂತಿಗೆ ಮದ್ಯದ ಬಾಟಲಿ ಹೊಡೆದರು, ಒಡೆಯಲಿಲ್ಲ. ಮತ್ತೆ ಹೊಡೆದರು, ಆಗಲೂ ಒಡೆಯಲಿಲ್ಲ. ಕೊನೆಗೆ ಹಗ್ಗ ಕತ್ತರಿಸಿದರು, ಹಡಗು ಜಾರಿತು. ಅಷ್ಟು ದೊಡ್ಡ ಹಡಗು ಕಿರಿದಾದ ಕಾಲುವೆಗೆ ಬಿದ್ದರೆ ಆ ನೀರು ಎಲ್ಲಿಗೆ ಹೋಗಬೇಕು? ಅಲೆ ಎದ್ದು ಆ ಸೇತುವೆಯನ್ನು ಕಿತ್ತು ಹಾಕಿತು. ಜನ ಮರದ ರಾಶಿಯ ಜೊತೆ ನೀರಿಗೆ ಬಿದ್ದರು. ಈ ಕಡೆ ಜೈಕಾರ, ಬ್ಯಾಂಡು. ಆ ಗದ್ದಲದಲ್ಲಿ ಕೂಗಿಕೊಂಡದ್ದು ಕೇಳಿಸಲೇ ಇಲ್ಲ. ಮೂವತ್ತಕ್ಕೂ ಹೆಚ್ಚು ಜನ ಸತ್ತರು, ಹೆಚ್ಚಿನವರು ಹೆಂಗಸರು ಮಕ್ಕಳು.

ಗೂಗ್ಲಿ
ಒಂದು ನಿಮಿಷ. ಥೇಮ್ಸ್ ಐರನ್‌ವರ್ಕ್ಸ್ ಅಂದರೆ ವೆಸ್ಟ್ ಹ್ಯಾಮ್ ಫುಟ್‌ಬಾಲ್ ಟೀಮ್ ಶುರುವಾದ ಜಾಗ ಅಲ್ವಾ?

ಹಳೇ ಪೇಪರ್
ಅದೇ. ಯಾರ್ಡಿನ ಮುಖ್ಯಸ್ಥ ಆರ್ನಾಲ್ಡ್ ಹಿಲ್ಸ್, 1895ರಲ್ಲಿ ಕೆಲಸಗಾರರಿಗೆ ಅಂತ ಟೀಮ್ ಕಟ್ಟಿದರು. 1900ರಲ್ಲಿ ವೆಸ್ಟ್ ಹ್ಯಾಮ್ ಯುನೈಟೆಡ್ ಆಯ್ತು. ಅವರ ಲಾಂಛನದಲ್ಲಿ ಅಡ್ಡಡ್ಡ ಇರುವ ಎರಡು ಸುತ್ತಿಗೆ, ಅವು ರಿವೆಟ್ ಹೊಡೆಯುವ ಸುತ್ತಿಗೆಗಳು.

ಗೂಗ್ಲಿ
ಹದಿನೈದು ವರ್ಷದಿಂದ ಆ ಜೆರ್ಸಿ ಹಾಕ್ತಾ ಇದ್ದೇನೆ. ಬಡಗಿ ಸುತ್ತಿಗೆ ಅಂದುಕೊಂಡಿದ್ದೆ.

ಬಯಲುಸೀಮೆ
ರಿವೆಟ್ ಅಂದರೆ ಸೇತುವೆಯ ಕಂಬಿಗಳ ಮೇಲೆ ಗುಂಡಗೆ ಕಾಣುತ್ತಲ್ಲ, ಅದೇನಾ? ಹಡಗಿಗೆ ಅಂಥವು ಎಷ್ಟು ಬೇಕು?

ಯಾರ್ಡ್ ಇಂಜಿನಿಯರ್
ಅದೇ. ದೊಡ್ಡ ಹಡಗಿಗೆ ಲಕ್ಷಗಟ್ಟಲೆ. ನಮ್ಮ ಕಾಲಕ್ಕೆ ವೆಲ್ಡಿಂಗ್ ಬಂದಿತ್ತು, ಆದರೆ ಹಳಬರು ಹೇಳಿದ್ದು ಕೇಳಿದ್ದೇನೆ. ಐದು ಜನರ ಗುಂಪು. ಒಬ್ಬ ಹುಡುಗ ಇದ್ದಿಲ ಒಲೆಯಲ್ಲಿ ರಿವೆಟ್ ಕಾಯಿಸುತ್ತಾನೆ, ಕೆಂಪಗಾದ ಕೂಡಲೇ ಇಕ್ಕಳದಲ್ಲಿ ಎತ್ತಿ ಎಸೆಯುತ್ತಾನೆ. ಇನ್ನೊಬ್ಬ ಹುಡುಗ ಅದನ್ನು ಹಿಡಿದು ತೂತಿಗೆ ತುರುಕುತ್ತಾನೆ. ಒಳಗಡೆ ಒಬ್ಬ ಭಾರದ ಸುತ್ತಿಗೆ ಒತ್ತಿ ಹಿಡಿಯುತ್ತಾನೆ. ಹೊರಗಡೆ ಇಬ್ಬರು ಎದುರುಬದುರು ನಿಂತು ಒಬ್ಬರಾದ ಮೇಲೆ ಒಬ್ಬರು ಹೊಡೆಯುತ್ತಾರೆ. ಒಬ್ಬ ಎಡಗೈಯವನಾದರೆ ಅನುಕೂಲ. ನೂರು ರಿವೆಟ್‌ಗೆ ಇಷ್ಟು ಅಂತ ಕೂಲಿ. ಮಳೆ ಬಂದರೆ ಕೆಲಸ ಇಲ್ಲ, ಕೂಲಿಯೂ ಇಲ್ಲ. ಗ್ಲ್ಯಾಸ್ಗೋದಲ್ಲಿ ಮಳೆ ಎಷ್ಟು ಅಂತ ಕ್ಲೈಡ್ ದಂಡೆಯವರೇ ಹೇಳಲಿ.

ಕ್ಲೈಡ್ ದಂಡೆ
ಈಗಲೂ ಸುರಿಯುತ್ತಿದೆ ಸರ್.

ಕಾಪು ಕಡಲು
ನಮ್ಮಪ್ಪ ಆ ಕೆಲಸ ಮಾಡಿದವರು. ಹದಿನಾರು ವಯಸ್ಸಿಗೆ ಊರು ಬಿಟ್ಟು ಮುಂಬೈಗೆ ಹೋಗಿ ಒಂದು ಗೋದಿಯಲ್ಲಿ (ಹಡಗುಕಟ್ಟೆ, ಡಾಕ್) ಸೇರಿದ್ದು. ಮೊದಲು ಕಾಯಿಸುವ ಹುಡುಗ, ಆಮೇಲೆ ಒತ್ತಿ ಹಿಡಿಯುವವನು. ಒತ್ತಿ ಹಿಡಿಯುವವನು ತೊಟ್ಟಿಯಂಥ ಕಬ್ಬಿಣದ ಕೋಣೆಯ ಒಳಗೆ ಇರಬೇಕು, ಹೊರಗೆ ಹೊಡೆದದ್ದೆಲ್ಲ ಅವನ ಕಿವಿಗೆ. ಮೂವತ್ತೈದಕ್ಕೇ ಕಿವಿ ಮಂದ ಆಯ್ತು. ನಾವು ಚಿಕ್ಕವರಿದ್ದಾಗ ಅಪ್ಪ ಯಾವಾಗಲೂ ಜೋರಾಗಿ ಮಾತಾಡುತ್ತಿದ್ದರು, ಕೋಪ ಅಂದುಕೊಂಡು ಹೆದರುತ್ತಿದ್ದೆವು. ಅವರಿಗೆ ಅವರ ದನಿಯೇ ಕೇಳುತ್ತಿರಲಿಲ್ಲ ಅಂತ ಅಮ್ಮ ಹೇಳಿದ್ದು ಎಷ್ಟೋ ವರ್ಷದ ಮೇಲೆ. ಕಿವಿಗೆ ಹತ್ತಿ ಇಟ್ಟುಕೊಳ್ಳಿ ಅಂತ ಕೂಡ ಅಲ್ಲಿ ಯಾರೂ ಹೇಳಿರಲಿಲ್ಲ. ಪರಿಹಾರ ಅಂತ ಒಂದು ಪೈಸೆ ಬರಲಿಲ್ಲ.

ಹಳೇ ಪೇಪರ್
ಮೇಡಂ, ಇದು ಆಗಲೇ ಗೊತ್ತಿದ್ದ ವಿಷಯ. ಥಾಮಸ್ ಬಾರ್ ಅಂತ ಗ್ಲ್ಯಾಸ್ಗೋದ ಕಿವಿ ಡಾಕ್ಟರು 1886ರಲ್ಲಿ ಬಾಯ್ಲರ್ ಕಟ್ಟುವ 100 ಜನರನ್ನು ಪರೀಕ್ಷೆ ಮಾಡಿದರು. ಒಬ್ಬರಿಗೂ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ನಿಮ್ಮಪ್ಪ ಕೆಲಸಕ್ಕೆ ಸೇರುವ ಎಷ್ಟು ಮುಂಚೆ ಅಂತ ನೀವೇ ಲೆಕ್ಕ ಹಾಕಿ.

ಕಾಪು ಕಡಲು
1886? ಅಪ್ಪ ಸೇರಿದ್ದು 1958ರಲ್ಲಿ.

ಹೊನ್ನಾವರದವ
ಬೇರೇನೂ ಹೇಳಲು ತೋಚುತ್ತಿಲ್ಲ ಅಕ್ಕ.

ಮೈಸೂರು ಪಾಕ
ಒಂದು ಅನುಮಾನ. ಮುಂಬೈಯಲ್ಲಿ ವಾಡಿಯಾ ಪಾರ್ಸಿಗಳು ಇದಕ್ಕಿಂತ ಎಷ್ಟೋ ಮುಂಚೆ ಹಡಗು ಕಟ್ಟುತ್ತಿದ್ದರಲ್ಲ. ಅವರು ಒಣ ಗೋದಿಯಲ್ಲಿ ಕಟ್ಟಿ, ಬಾಗಿಲು ತೆಗೆದು ನೀರು ಬಿಟ್ಟು ಹಡಗು ತೇಲಿಸುತ್ತಿದ್ದರು ಅಂತ ಓದಿದ ನೆನಪು. ಜಾರಿಸುವ ಗೋಜೇ ಇಲ್ಲ. ಅದೇ ಒಳ್ಳೇದಲ್ವಾ? ಇಂಗ್ಲೆಂಡಿನವರು ಯಾಕೆ ಮಾಡಲಿಲ್ಲ?

ಹಳೇ ಪೇಪರ್
ನೆನಪು ಸರಿ. 1817ರಲ್ಲಿ ಮುಂಬೈಯಲ್ಲಿ ಸಾಗುವಾನಿಯಲ್ಲಿ ಕಟ್ಟಿದ ಟ್ರಿಂಕೋಮಲಿ ಇವತ್ತಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ತೇಲುತ್ತಿದೆ, ಮಲಬಾರಿನ ಮರ. ಆದರೆ ಕಬ್ಬಿಣ ಉಕ್ಕಿನ ಕಾಲ ಬಂದಾಗ ಆಟ ಬೇರೆ ಆಯ್ತು. 19ನೇ ಶತಮಾನದ ಕೊನೆಗೆ ಕ್ಲೈಡ್ ಒಂದೇ ನದಿಯ ದಡದಲ್ಲಿ ಸಾಲಾಗಿ ಹತ್ತಾರು ಯಾರ್ಡ್.

ಯಾರ್ಡ್ ಇಂಜಿನಿಯರ್
ಒಣ ಗೋದಿ ಅಗೆಯೋದು ಅಂದರೆ ಕಲ್ಲು ಕಟ್ಟಿ, ಬಾಗಿಲು ಇಟ್ಟು, ಪಂಪು ಹಾಕಿ ತುಂಬಾ ದುಬಾರಿ. ಒಂದು ಹಡಗು ಕೂತರೆ ಅದು ಮುಗಿಯೋವರೆಗೆ ಗೋದಿ ಖಾಲಿ ಇಲ್ಲ. ಇಳಿಜಾರು ನೆಲ ಆದರೆ ಪಕ್ಕಪಕ್ಕದಲ್ಲಿ ಐದಾರು ಹಡಗು ಏಳುತ್ತವೆ. ಇನ್ನೂ ಒಂದು, ಡಾಫ್ನೆಯನ್ನು ಗೋದಿಯಲ್ಲಿ ತೇಲಿಸಿದ್ದರೂ ಅದು ಸ್ಥಿರ ಇಲ್ಲದ ಹಡಗೇ. ಜೋರಾಗಿ ಜಾರಿದ್ದರ ಪೆಟ್ಟು ಇರುತ್ತಿರಲಿಲ್ಲ, ಅಷ್ಟೇ.

ಮೈಸೂರು ಪಾಕ
ಆ ಪೆಟ್ಟು ಇಲ್ಲದಿದ್ದರೆ ಅವರು ಬದುಕುತ್ತಿದ್ದರಲ್ಲ ಸರ್? ಗೋದಿಯಲ್ಲಿ ನಿಧಾನಕ್ಕೆ ವಾಲಿದ್ದರೆ ಜನ ಹೊರಗೆ ಓಡಿ ಬರುತ್ತಿದ್ದರು.

ಯಾರ್ಡ್ ಇಂಜಿನಿಯರ್
ಅದು ಒಪ್ಪಬೇಕಾದ ಮಾತು. ನಾನು ಹಡಗಿನ ಕಡೆಯಿಂದ ಯೋಚನೆ ಮಾಡಿದೆ, ನೀವು ಜನರ ಕಡೆಯಿಂದ ಮಾಡಿದಿರಿ.

ಕಲ್ಲಡ್ಕ ಟೀ
ಟೈಟಾನಿಕ್‌ಗೆ ಬಾಟಲಿ ಒಡೆಯದೇ ಇಳಿಸಿದ್ದಕ್ಕೆ ಮುಳುಗಿತು ಅಂತಾರಲ್ಲ, ನಿಜನಾ?

ಹಳೇ ಪೇಪರ್
ಬಾಟಲಿ ಒಡೆಯಲಿಲ್ಲ ಅನ್ನೋದು ನಿಜ. ಆ ಕಂಪನಿಯ ಯಾವ ಹಡಗಿಗೂ ಒಡೆಯುವ ಪದ್ಧತಿ ಇರಲಿಲ್ಲ, ಬಾಕಿ ಎಷ್ಟೋ ಹಡಗು ಚೆನ್ನಾಗಿಯೇ ಓಡಿದವು. ಟೈಟಾನಿಕ್ ಇಳಿಸಿದ್ದು 1911, ನಾವು ಮಾತಾಡುತ್ತಿರುವ ಕಾಲ ಅಲ್ಲ. ಆದರೂ ಹೇಳುತ್ತೇನೆ: 22 ಟನ್ ಕೊಬ್ಬು, ಸೋಪು, ಎಣ್ಣೆ ಬಳಿದಿದ್ದರು, 62 ಸೆಕೆಂಡಿನಲ್ಲಿ ನೀರಿಗೆ ಬಂತು. ಅದಕ್ಕೆ ಪೂರ್ತಿ ಉಲ್ಟಾ 1857ರ ಗ್ರೇಟ್ ಈಸ್ಟರ್ನ್. 692 ಅಡಿ ಉದ್ದದ ಹಡಗು, ಥೇಮ್ಸ್‌ಗೆ ಅಡ್ಡಡ್ಡ ಇಳಿಸಲು ಹೋದರು. ನವೆಂಬರ್ 3ಕ್ಕೆ ಶುರು ಮಾಡಿ, ನೀರು ಮುಟ್ಟಿದ್ದು ಮರುವರ್ಷ ಜನವರಿ 31ಕ್ಕೆ. ಮೂರು ತಿಂಗಳು ಇಂಚಿಂಚಾಗಿ ನೂಕಿದರು. ಅದೇ ಹಡಗು 1870ರಲ್ಲಿ ಮುಂಬೈಗೆ ಬಂದು ಏಡನ್‌ವರೆಗೆ ಸಮುದ್ರದೊಳಗೆ ತಂತಿ ಹಾಸಿತು.

ಬಯಲುಸೀಮೆ
ನಮ್ಮಂಥ ಒಳನಾಡಿನವರಿಗೆ ಹಡಗಿನ ಕಥೆ ಏನೂ ಇಲ್ಲವಾ?

ಹಳೇ ಪೇಪರ್
ಇದೆ, ಬಹಳ ಚೆನ್ನಾಗಿದೆ. ದಕ್ಷಿಣ ಅಮೆರಿಕದಲ್ಲಿ ಟಿಟಿಕಾಕಾ ಅನ್ನುವ ಕೆರೆ, ಸಮುದ್ರಮಟ್ಟದಿಂದ 12,500 ಅಡಿ ಮೇಲೆ. ಅಲ್ಲಿಗೆ ಯಾವಾರಿ ಅನ್ನುವ ಹಡಗನ್ನು ಮೇಲೆ ಹೇಳಿದ ಥೇಮ್ಸ್ ಐರನ್‌ವರ್ಕ್ಸ್‌ನಲ್ಲೇ ಬಿಡಿಬಿಡಿಯಾಗಿ ಮಾಡಿ ಕಳಿಸಿದರು. ಅದಕ್ಕೂ ಅದರ ಜೊತೆಯ ಇನ್ನೊಂದು ಹಡಗಿಗೂ ಸೇರಿ 2,766 ತುಂಡು. ಒಂದೊಂದೂ ಹೇಸರಗತ್ತೆ ಹೊರುವಷ್ಟೇ ತೂಕ. ಬೆಟ್ಟ ಹತ್ತಿಸಿ, ಜೋಡಿಸಿ, ನೀರಿಗಿಳಿಸುವ ಹೊತ್ತಿಗೆ 1870ರ ಕ್ರಿಸ್‌ಮಸ್ ದಿನ ಬಂದಿತ್ತು. ಬರ್ಮಾದ ಐರಾವತಿ ನದಿಯ ಹಡಗುಗಳೂ ಹಾಗೇ. ಕ್ಲೈಡ್ ಪಕ್ಕದ ಡಂಬಾರ್ಟನ್‌ನಲ್ಲಿ ಡೆನ್ನಿ ಅನ್ನುವವರ ಯಾರ್ಡಿನಲ್ಲಿ ಮಾಡಿ, ಬಿಚ್ಚಿ ಕಳಿಸಿ, ರಂಗೂನಿನಲ್ಲಿ ಮತ್ತೆ ರಿವೆಟ್ ಹೊಡೆಯುತ್ತಿದ್ದರು. ಅದೇ ಡೆನ್ನಿ ಯಾರ್ಡಿನಲ್ಲಿ 1883ರಲ್ಲೇ, ಹಡಗಿನ ಸಣ್ಣ ಮಾದರಿಯನ್ನು ನೀರಿನಲ್ಲಿ ಎಳೆದು ಪರೀಕ್ಷೆ ಮಾಡುವ ತೊಟ್ಟಿ ಕಟ್ಟಿದರು. ಖಾಸಗಿ ಯಾರ್ಡಿನಲ್ಲಿ ಜಗತ್ತಿಗೇ ಅದು ಮೊದಲನೆಯದು.

ಬಯಲುಸೀಮೆ
ಹೇಸರಗತ್ತೆ ಮೇಲೆ ಹಡಗು! ನನ್ನ ಮಗನಿಗೆ ಇವತ್ತು ರಾತ್ರಿ ಇದೇ ಕಥೆ.

ಕ್ಲೈಡ್ ದಂಡೆ
ನಾಲ್ಕು ದಿನ ಆದಮೇಲೆ ಬರೆಯುತ್ತಿದ್ದೇನೆ. ಇಲ್ಲಿ ಓದಿದ್ದು ತಲೆಯಲ್ಲೇ ಇತ್ತು, ಇವತ್ತು ಮತ್ತೆ ಪಾರ್ಕಿಗೆ ಹೋದೆ. ಒಂದು ವಿಷಯ ಸಿಕ್ಕಿತು. ಈ ಪಾರ್ಕ್ ಕೊಟ್ಟವರು ಇಸಬೆಲ್ಲಾ ಎಲ್ಡರ್ ಅನ್ನುವ ಹೆಂಗಸು. ಅವರ ಗಂಡ ಜಾನ್ ಎಲ್ಡರ್ ಇಲ್ಲೇ ದೊಡ್ಡ ಯಾರ್ಡಿನ ಮಾಲೀಕರು, 1869ರಲ್ಲಿ ತೀರಿಕೊಂಡರು. ಈಕೆ 1885ರಲ್ಲಿ ಗೋವನ್ ಜನಕ್ಕೆ ಪಾರ್ಕ್ ಬಿಟ್ಟುಕೊಟ್ಟರು. ಅದಕ್ಕೂ ಮುಂಚೆ, ಡಾಫ್ನೆ ಮುಳುಗಿದ 1883ರಲ್ಲೇ, ಗ್ಲ್ಯಾಸ್ಗೋ ಯೂನಿವರ್ಸಿಟಿಯಲ್ಲಿ ಹಡಗು ವಿನ್ಯಾಸಕ್ಕೆ ಒಂದು ಪ್ರೊಫೆಸರ್ ಹುದ್ದೆಗೆ ಹಣ ಕೊಟ್ಟಿದ್ದರು. ಗಂಡನ ಹೆಸರಿನಲ್ಲಿ. ಮೊದಲ ಪ್ರೊಫೆಸರ್ ಫ್ರಾನ್ಸಿಸ್ ಎಲ್ಗರ್. ಇಂಜಿನಿಯರ್ ಸರ್ ಹೇಳಿದ ಆ ಸ್ಥಿರತೆಯ ಲೆಕ್ಕವನ್ನು ತರಗತಿಯಲ್ಲಿ ಕೂತು ಕಲಿಯುವ ಹಾಗಾದದ್ದು ಅದೇ ವರ್ಷ.

ಯಾರ್ಡ್ ಇಂಜಿನಿಯರ್
ಎಲ್ಗರ್ ಹೆಸರು ನಾವು ಕಾಲೇಜಿನಲ್ಲೇ ಕೇಳಿದ್ದೆವು. ಆ ಹುದ್ದೆಗೆ ಹಣ ಕೊಟ್ಟವರು ಒಬ್ಬ ಹೆಂಗಸು ಅಂತ ಯಾವ ಮೇಷ್ಟ್ರೂ ಹೇಳಲಿಲ್ಲ.

ಗೂಗ್ಲಿ
ಅವರ ಪ್ರತಿಮೆ ಇದೆಯಾ ಅಲ್ಲಿ?

ಕ್ಲೈಡ್ ದಂಡೆ
ಇದೆ. ಅದೇ ಪಾರ್ಕಿನಲ್ಲಿ. ಡಾಫ್ನೆಯ ಇನ್ನೊಂದು ಸ್ಮಾರಕ ನದಿಯ ಆ ಕಡೆ ವಿಕ್ಟೋರಿಯಾ ಪಾರ್ಕಿನಲ್ಲಿದೆಯಂತೆ, ಬರುವ ಭಾನುವಾರ ಹೋಗಬೇಕು. ಎರಡೂ ದಡದ ಮನೆಗಳಿಂದ ಜನ ಹೋಗಿದ್ದರಲ್ಲ ಆ ದಿನ ಕೆಲಸಕ್ಕೆ.

ಕಾಪು ಕಡಲು
ಅಪ್ಪನಿಗೆ ಈ ಚರ್ಚೆ ಪೂರ್ತಿ ಓದಿ ಹೇಳಿದೆ. ಓದಿ ಹೇಳಿದೆ ಅಂದರೆ ಕಿವಿ ಹತ್ತಿರ ಕೂಗಿದೆ, ಕೆಲವನ್ನು ದೊಡ್ಡ ಅಕ್ಷರದಲ್ಲಿ ಬರೆದು ತೋರಿಸಿದೆ. ಡಾಫ್ನೆ ಕಥೆಗೆ ಏನೂ ಹೇಳಲಿಲ್ಲ, ಸುಮಾರು ಹೊತ್ತು ಹೊರಗೆ ನೋಡುತ್ತಾ ಕೂತಿದ್ದರು. ಆಮೇಲೆ ಒಂದು ತಪ್ಪು ಇದೆ ಅಂದರು. ಇಂಜಿನಿಯರ್ ಸರ್ ರಿವೆಟ್ ಕೆಂಪಗಾದ ಕೂಡಲೇ ಎಸೆಯುತ್ತಾರೆ ಅಂತ ಬರೆದಿದ್ದಾರಲ್ಲ, ಕೆಂಪು ಸಾಲದಂತೆ. ಮಾಗಿದ ಹಲಸಿನ ತೊಳೆಯ ಬಣ್ಣ ದಾಟಿ ಬಿಳಿಗೆ ಹತ್ತಿರ ಬರಬೇಕಂತೆ. ಚಿಟಪಟ ಕಿಡಿ ಹಾರಿದರೆ ಸುಟ್ಟುಹೋಯ್ತು ಅಂತ ಲೆಕ್ಕ, ಅದನ್ನು ಬಕೆಟ್ಟಿಗೆ ಎಸೆದು ಬೇರೆ ಕಾಯಿಸಬೇಕು. ಸುಟ್ಟ ರಿವೆಟ್ ಹೊಡೆದರೆ ಹೊರಗೆ ಚೆನ್ನಾಗಿಯೇ ಕಾಣುತ್ತೆ, ಒಳಗೆ ಗಟ್ಟಿ ಇರಲ್ಲ. ಕಾಯಿಸುವ ಹುಡುಗನಿಗೆ ಮಾತ್ರ ಅದು ಗೊತ್ತಿರುತ್ತೆ ಅಂದರು.

ಯಾರ್ಡ್ ಇಂಜಿನಿಯರ್
ಅವರು ಹೇಳಿದ್ದೇ ಸರಿ ಮೇಡಂ. ನಾನು ಕೇಳಿ ಬರೆದದ್ದು, ಅವರು ಮಾಡಿದವರು. ಅಪ್ಪನಿಗೆ ನನ್ನ ನಮಸ್ಕಾರ ಹೇಳಿ, ದೊಡ್ಡ ಅಕ್ಷರದಲ್ಲಿ ಬರೆದು ತೋರಿಸಿ.